ಅಜ್ಜಿಯ ದನಿಗೆ ಒಪ್ಪುವ ಅಕ್ಷರ

ಕೇಳುಗರಿಗೆ ನಮಸ್ಕಾರ.

ಇವತ್ತು ಅಕ್ಷರದ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಬಂದಿದ್ದೇನೆ. ಅಕ್ಷರದ ರೂಪದ ಬಗ್ಗೆ. ಫಾಂಟ್ ಅಂತೀವಲ್ಲ, ಅದೇ. ರೇಡಿಯೋದಲ್ಲಿ ಅಕ್ಷರ ತೋರಿಸಲು ಬರುವುದಿಲ್ಲ. ಹಾಗಾಗಿ ಹತ್ತಿರದಲ್ಲಿ ಇವತ್ತಿನ ಪೇಪರ್ ಇದ್ದರೆ, ಇಲ್ಲ ಯಾವುದಾದರೂ ಮದುವೆ ಕಾರ್ಡ್ ಬಿದ್ದಿದ್ದರೆ, ಕೈಗೆ ತಗೊಂಡು ಕೂತುಕೊಳ್ಳಿ. ಮಧ್ಯದಲ್ಲಿ ಬೇಕಾಗುತ್ತದೆ.

ನಮ್ಮ ಅಜ್ಜಿಗೆ 80 ತುಂಬುವ ವರ್ಷ ಅದು. ಹಳೇ ಲೆಕ್ಕದ ಪುಸ್ತಕವೊಂದರಲ್ಲಿ ಅವರು ತಮ್ಮ ಅಡುಗೆಗಳನ್ನೆಲ್ಲ ಬರೆದಿಟ್ಟಿದ್ದರು. ಪುಟದ ಅಂಚಿಗೆಲ್ಲ ಅರಿಶಿನದ ಕಲೆ. ಅದನ್ನು ಟೈಪ್ ಮಾಡಿ, ಮನೆಮಂದಿಗೆ ಹಂಚುವ ಹಾಗೆ ಚಿಕ್ಕ ಪುಸ್ತಕ ಮಾಡೋಣ ಅಂತ ಹೊರಟೆ. ಟೈಪಿಂಗು ಎರಡು ವಾರದಲ್ಲಿ ಮುಗಿಯಿತು. ಯಾವ ಫಾಂಟ್ ಅನ್ನುವುದಕ್ಕೇ ತಿಂಗಳು ಹಿಡಿಯಿತು.

ಮೊದಲು ಹಾಕಿದ್ದು ಬಾಲೂ ತಮ್ಮ. ಮುಂಬೈಯ ಏಕ್ ಟೈಪ್ ತಂಡದವರು ಮಾಡಿದ ಅಕ್ಷರ. ಅದರ ಹೆಸರೇ ಚೆಂದ. ಆಯಾ ಭಾಷೆಯಲ್ಲಿ ಅಣ್ಣತಮ್ಮಂದಿರನ್ನು ಹೇಗೆ ಕರೆಯುತ್ತಾರೋ ಆ ಹೆಸರನ್ನೇ ಬೇರೆ ಬೇರೆ ಲಿಪಿಗೆ ಇಟ್ಟಿದ್ದಾರೆ. ಕನ್ನಡಕ್ಕೆ ತಮ್ಮ, ತೆಲುಗಿಗೆ ತಮ್ಮುಡು, ತಮಿಳಿಗೆ ತಂಬಿ. ಅಕ್ಷರಗಳು ದುಂಡು ದುಂಡು, ತುದಿಗಳೆಲ್ಲ ಮೆತ್ತಗೆ. ಅಜ್ಜಿ ಅಂದರೆ ಮಡಿಲು, ಉಂಡೆ, ಮುದ್ದು. ಅದಕ್ಕೆ ಇದೇ ಸರಿ ಅನ್ನಿಸಿತು. ಮೊದಲ ಪುಟ ನೋಡಿ ಮನೆಯವರೆಲ್ಲ ಮೆಚ್ಚಿದರು. ಅಜ್ಜಿ ಮಾತ್ರ ಕನ್ನಡಕ ಸರಿಮಾಡಿಕೊಂಡು ನೋಡಿ, "ಬೇಕರಿ ಬೋರ್ಡ್ ಇದ್ದ ಹಾಗಿದೆ" ಅಂದರು.

ಫಾಂಟಿನದೇನೂ ತಪ್ಪಿಲ್ಲ. ಮಗುವಿನ ನಾಮಕರಣದ ಕಾರ್ಡಿಗೆ ನಾನು ಇವತ್ತಿಗೂ ಅದನ್ನೇ ಹಾಕುತ್ತೇನೆ. 'ಅಜ್ಜಿ' ಅನ್ನುವ ಪದಕ್ಕೆ ಅಕ್ಷರ ಹುಡುಕಿದ್ದೆ, ನಮ್ಮ ಅಜ್ಜಿಯನ್ನು ನೋಡಿರಲೇ ಇಲ್ಲ. ಅವರು ಸಣಕಲು ಮೈಯವರು, ನೆಟ್ಟಗೆ ಕೂರುವವರು. ಮಾತೂ ಅಳತೆಯಲ್ಲೇ. "ರುಚಿಗೆ ತಕ್ಕಷ್ಟು ಉಪ್ಪು" ಅಂತ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. "ಉಪ್ಪು ಒಂದೂವರೆ ಚಮಚ, ತಲೆ ಸವರಿ" ಅಂತ ಇದೆ. ಇಂಥವರ ಮಾತಿಗೆ ಮೆತ್ತನೆಯ ಅಕ್ಷರ ಹೇಗೆ ಒಪ್ಪೀತು?

ಅಕ್ಷರಕ್ಕೂ ಒಂದು ದನಿ ಇರುತ್ತದೆ. ಅದು ಆಡುವವರ ದನಿಗೆ ಹೊಂದದಿದ್ದರೆ ಓದುವವರಿಗೆ ಇರಿಸುಮುರಿಸು. ಅಮೆರಿಕದಲ್ಲಿ 1994ರಲ್ಲಿ ಹೀಗೇ ಆಯಿತು. ಮೈಕ್ರೋಸಾಫ್ಟ್ ಕಂಪನಿಯವರು ಬಾಬ್ ಅನ್ನುವ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಮಾಡುತ್ತಿದ್ದರು. ಅದರಲ್ಲಿ ಕಾರ್ಟೂನಿನ ನಾಯಿಯೊಂದು ಮಾತಾಡುತ್ತದೆ. ಅದರ ಮಾತನ್ನು ಟೈಮ್ಸ್ ನ್ಯೂ ರೋಮನ್ ಅಕ್ಷರದಲ್ಲಿ ಹಾಕಿದ್ದರು. ಅದೋ, 1932ರಲ್ಲಿ ಲಂಡನ್ನಿನ ದಿನಪತ್ರಿಕೆಗೆ ಅಂತ ಮಾಡಿದ ಗಂಭೀರ ಅಕ್ಷರ. ಮೈಕ್ರೋಸಾಫ್ಟ್‌ನಲ್ಲೇ ಕೆಲಸಕ್ಕಿದ್ದ ವಿನ್ಸೆಂಟ್ ಕೊನೇರ್ ಅವರಿಗೆ ಇದು ಸರಿಕಾಣಲಿಲ್ಲ. ನಾಯಿಯ ಬಾಯಲ್ಲಿ ಸಂಪಾದಕೀಯ ಹೊರಟ ಹಾಗೆ, ಅಲ್ವಾ? ಕಾಮಿಕ್ಸ್ ಪುಸ್ತಕಗಳನ್ನು ನೋಡಿಕೊಂಡು ಬೇರೆ ಅಕ್ಷರ ಬರೆದರು. ಅದೇ ಕಾಮಿಕ್ ಸಾನ್ಸ್. ಆ ನಾಯಿಗೆ ಸಮಯಕ್ಕೆ ಸಿಗಲಿಲ್ಲ, ಆಮೇಲೆ ಲೋಕವೆಲ್ಲ ಹರಡಿತು. ಸಲ್ಲದ ಜಾಗದಲ್ಲೆಲ್ಲ ಕೂತು ಬೈಸಿಕೊಂಡಿತು. ಪಾಪ, ಅದನ್ನು ಅಲ್ಲಿ ಕೂರಿಸಿದವರು ನಾವೇ.

ಈಗ ಪೇಪರ್ ತೆಗೆಯಿರಿ. ಯಾವುದಾದರೂ ದೊಡ್ಡ ತಲೆಬರಹದಲ್ಲಿ 'ಸ' ಹುಡುಕಿ. ತಲೆಕಟ್ಟು ನೋಡಿ. ಬಲಗಡೆ ಮೊಟಕಾಗಿ ನಿಂತಿದೆಯಾ, ಇಲ್ಲ ಮೇಲಕ್ಕೆ ಒಂದು ಕುಡಿ ಎಳೆದುಕೊಂಡಿದೆಯಾ? ಆಮೇಲೆ ಒಂದು ಒತ್ತಕ್ಷರ ನೋಡಿ. ಒತ್ತು ಅಕ್ಷರದ ಹೊಟ್ಟೆಗೆ ಅಂಟಿ ಕೂತಿದೆಯಾ, ಕೆಳಗೆ ಜಾಗ ಮಾಡಿಕೊಂಡು ಆರಾಮಾಗಿದೆಯಾ? ಕನ್ನಡದ ಫಾಂಟಿನ ಸ್ವಭಾವ ಹೆಚ್ಚಾಗಿ ತಿಳಿಯುವುದು ಈ ಎರಡು ಕಡೆ. ಆದ್ದರಿಂದ ಸುಮ್ನೆ ಅ ಆ ಇ ಈ ನೋಡಿ ಫಾಂಟ್ ಆರಿಸಬೇಡಿ. ಯಾರಿಗಾಗಿ ಆರಿಸುತ್ತೀರೋ ಅವರ ಹೆಸರನ್ನೇ ಬರೆದು ನೋಡಿ. 'ರಮಾ' ಅನ್ನುವ ಹೆಸರಿಗೆ ಒತ್ತೇ ಇಲ್ಲ, ಯಾವ ಫಾಂಟಿನಲ್ಲೂ ಹಗುರವಾಗಿ ನಿಲ್ಲುತ್ತದೆ. 'ಕೃಷ್ಣಪ್ಪ' ಅಂತ ಬರೆದರೆ ಮೂರು ಅಕ್ಷರಕ್ಕೂ ಕೆಳಗೊಂದು ಜೋತುಬಿದ್ದಿರುತ್ತದೆ. ಬಾಗಿಲಿನ ನಾಮಫಲಕದಲ್ಲಿ ಒಂದು ಹೆಸರು ಸೊಗಸಾಗಿ ಕಂಡಿತು ಅಂತ ಅದೇ ಅಕ್ಷರ ಪಕ್ಕದ ಮನೆಯವರ ಹೆಸರಿಗೆ ಒಪ್ಪುವುದಿಲ್ಲ.

ಅಜ್ಜಿಯ ಕೈಬರಹವನ್ನು ನಾನು ಸರಿಯಾಗಿ ನೋಡಿದ್ದು ಆಮೇಲೆ. ತಲೆಕಟ್ಟು ಪುಟ್ಟದಾಗಿ, ಚುರುಕಾಗಿ ಮೇಲೆದ್ದಿದೆ. 'ಒಗ್ಗರಣೆ'ಯ ಒತ್ತಿನ ಬಾಲ ಮುಂದಿನ ಗೆರೆ ಮುಟ್ಟುತ್ತದೆ. ಗೆರೆ ಶುರುವಾಗುವಾಗ ಗಟ್ಟಿ, ಮುಗಿಯುವಾಗ ಸಣ್ಣ. ಸ್ಲೇಟಿನ ಮೇಲೆ ಬಳಪದಲ್ಲಿ ತಿದ್ದಿ ಕಲಿತ ಕೈ ಅದು.

ಅಕಾಯ ಕನಡಕ ಅಂತ ಒಂದು ಫಾಂಟ್ ಇದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೋ ಮಾಡಿದ್ದು. ಲೇಖನಿಯ ಚುರುಕು ಅದರಲ್ಲಿದೆ. ಹಾಕಿ ನೋಡಿದೆ. ತಲೆಬರಹಕ್ಕೆ ಬಹಳ ಚೆನ್ನಾಗಿತ್ತು. ಪುಟ ಪೂರ್ತಿ ಹಾಕಿದಾಗ ಕಣ್ಣು ಸೋತಿತು. ಅದು ದೊಡ್ಡದಾಗಿ ಕಾಣಬೇಕಾದ ಅಕ್ಷರ, ಅಡುಗೆಮನೆಯಲ್ಲಿ ನಿಂತು ಓದುವುದಕ್ಕಲ್ಲ.

ಕೊನೆಗೆ ಸಿಕ್ಕಿದ್ದು ಟೀರೋ ಕನ್ನಡ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನದವರು ಮೂರ್ತಿ ಕ್ಲಾಸಿಕಲ್ ಲೈಬ್ರರಿ ಅಂತ ನಮ್ಮ ದೇಶದ ಹಳೆಯ ಕೃತಿಗಳ ಮಾಲೆ ತರುತ್ತಾರಲ್ಲ, ಆ ಕೆಲಸದಿಂದ ಬಂದ ಅಕ್ಷರ. ಗೆರೆಯಲ್ಲಿ ದಪ್ಪ, ತೆಳು ಎರಡೂ ಇದೆ, ಆದರೆ ಆಡಂಬರ ಇಲ್ಲ. ಕಾವ್ಯಕ್ಕೆ ಅಂತ ಮಾಡಿದ ಅಕ್ಷರದಲ್ಲಿ 'ನುಚ್ಚಿನುಂಡೆ' ಅಂತ ಬರೆದು ಪರದೆ ನೋಡಿದೆ. ಅಜ್ಜಿ ಅಡುಗೆಮನೆಯಿಂದ ಕೂಗಿ ಹೇಳಿದ ಹಾಗಿತ್ತು.

ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಪರದೆಯ ಮೇಲೆ ಚೆನ್ನಾಗಿದ್ದದ್ದು ಕಾಗದದ ಮೇಲೆ ಹಾಗೇ ಇರುವುದಿಲ್ಲ. ಪಾಯಿಂಟ್ ಅನ್ನುವುದು ಅಕ್ಷರದ ಗಾತ್ರದ ಅಳತೆ. 10 ಪಾಯಿಂಟಿನಲ್ಲಿ ಪ್ರಿಂಟ್ ತೆಗೆದರೆ 'ಧನಿಯ'ದ ಧಕಾರದ ಹೊಟ್ಟೆ ಸೀಳಿದ್ದು ಕಾಣಲೇ ಇಲ್ಲ. 'ಒಬ್ಬಟ್ಟು' ಅಂತ ಬಂದ ಕಡೆ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಗಲಿದವು. ಅಕ್ಷರ 14 ಪಾಯಿಂಟ್ ಮಾಡಿ, ಸಾಲಿನಿಂದ ಸಾಲಿಗೆ 22 ಪಾಯಿಂಟ್ ಕೊಟ್ಟ ಮೇಲೆ ಪುಟ ಉಸಿರಾಡಿತು. ಪುಟಗಳು ಜಾಸ್ತಿ ಆದವು. ಆಗಲಿ ಬಿಡಿ, ಓದುವ ಕಣ್ಣು ಮುಖ್ಯ.

ಇನ್ನೊಂದು ಸಣ್ಣ ಕೆಲಸ ಮಾಡಿದೆ. ಅಲ್ಲಲ್ಲಿ ನನ್ನ ಟಿಪ್ಪಣಿಗಳಿದ್ದವು. ಈ ಪಾತ್ರೆ ಈಗ ಯಾರ ಮನೆಯಲ್ಲಿದೆ, ಈ ಅಡುಗೆ ಯಾವ ಹಬ್ಬಕ್ಕೆ, ಹೀಗೆ. ಅವನ್ನು ಅನೇಕ್ ಕನ್ನಡದ ತೆಳು ಅಕ್ಷರದಲ್ಲಿ ಹಾಕಿದೆ. ಏಕ್ ಟೈಪ್‌ನವರದೇ, 2022ರಲ್ಲಿ ಬಂದದ್ದು. ತೀರಾ ತೆಳುವಿನಿಂದ ತೀರಾ ದಪ್ಪದ ತನಕ ಸಿಗುತ್ತದೆ. ಅಜ್ಜಿ ಮಾತಾಡುವಾಗ ಮೊಮ್ಮಗ ಮೆಲ್ಲಗೆ ಪಕ್ಕದಲ್ಲಿ ಹೇಳಿದ ಹಾಗೆ ಇರಲಿ ಅಂತ.

ಕರಡು ಪ್ರತಿ ತಂದು ಅಜ್ಜಿಯ ಕೈಗೆ ಕೊಟ್ಟೆ. ಕಿಟಕಿಯ ಹತ್ತಿರ ಕೂತು ಗಟ್ಟಿಯಾಗಿ ಓದತೊಡಗಿದರು. ಒಂದು ಪುಟ ಆಯಿತು, ಎರಡು ಆಯಿತು. ಅಕ್ಷರದ ಬಗ್ಗೆ ಏನೂ ಹೇಳಲಿಲ್ಲ. ನುಚ್ಚಿನುಂಡೆಗೆ ಬಂದಾಗ ಬೆರಳು ನಿಂತಿತು.

"ಬೇಳೆ ರುಬ್ಬುವಾಗ ನೀರು ಹಾಕಿ ಅಂತ ಇದೆಯಲ್ಲೋ. ನಾನು ಹಾಕದೆ ಅಂತ ಬರೆದಿದ್ದೆ. ಮೊದಲು ಇದನ್ನು ತಿದ್ದು" ಅಂದರು. ಪುಟ ತಿರುಗಿಸಿ ಮುಂದಕ್ಕೆ ಓದಿದರು.

ನಮಸ್ಕಾರ.