ಪದಕದ ಪಟ್ಟಿ ಸಾಕು, ಮಕ್ಕಳ ಕೆಲಸದ ಕಥೆ ಹೇಳಿ

ನಮಸ್ಕಾರ. ಅಂತರರಾಷ್ಟ್ರೀಯ ಶಾಲೆಗಳು ಪ್ರತಿ ಅವಧಿಯ ಕೊನೆಯಲ್ಲಿ ತಮ್ಮ ವಿದ್ಯಾರ್ಥಿಗಳ ಚಟುವಟಿಕೆ ಮತ್ತು ಸಾಧನೆಗಳ ವರದಿಯೊಂದನ್ನು ಪೋಷಕರಿಗೆ ಕಳುಹಿಸುವುದು ಈಗ ರೂಢಿಯಾಗಿದೆ. ಈಜಿನಲ್ಲಿ ಬಂದ ಪದಕ, ಗಣಿತ ಸ್ಪರ್ಧೆಯ ಪ್ರಮಾಣಪತ್ರ, ಮಾಡೆಲ್ ಯುಎನ್ ಎಂಬ ಅಣಕು ವಿಶ್ವಸಂಸ್ಥೆ ಸಮ್ಮೇಳನದ ಪ್ರಶಸ್ತಿ, ರೊಬೊಟಿಕ್ಸ್ ತಂಡದ ಗೆಲುವು, ಡಿಪ್ಲೊಮಾ ಪರೀಕ್ಷೆಯ ಸರಾಸರಿ ಅಂಕ, ಸಮುದಾಯ ಸೇವೆಯ ದಿನ ತೆಗೆದ ಗುಂಪುಚಿತ್ರ ಇವೆಲ್ಲ ಅದರಲ್ಲಿ ತಪ್ಪದೆ ಇರುತ್ತವೆ. ಈ ಮಕ್ಕಳ ಪರಿಶ್ರಮದ ಬಗ್ಗೆ ನನಗೆ ನಿಜವಾದ ಗೌರವವಿದೆ; ಆ ಗೌರವದಿಂದಲೇ ಇಂದು ಒಂದು ಆಕ್ಷೇಪವನ್ನು ಮುಂದಿಡುತ್ತಿದ್ದೇನೆ. ಈ ವರದಿಗಳು ಫಲಿತಾಂಶವನ್ನು ಹೇಳಿ ಕೆಲಸವನ್ನು ಬಿಟ್ಟುಬಿಡುತ್ತವೆ. ಯಾವ ಮಗು ಏನನ್ನು ಗೆದ್ದಿತು ಎಂಬುದು ನಮಗೆ ತಿಳಿಯುತ್ತದೆ. ಅದು ಏನು ಮಾಡಿತು, ಯಾರಿಗಾಗಿ ಮಾಡಿತು, ಎಲ್ಲಿ ಎಡವಿತು, ಆ ಕೆಲಸ ಮುಂದೆ ಏನಾಯಿತು ಎಂಬುದು ತಿಳಿಯುವುದಿಲ್ಲ. ಶಾಲೆ ಯಾವುದನ್ನು ಸಾರಿ ಹೇಳುತ್ತದೋ ಮಕ್ಕಳು ಅದನ್ನೇ ಆರಿಸಿಕೊಳ್ಳುತ್ತಾರೆ. ಹಾಗಾಗಿ ಇದು ವರದಿ ಬರೆಯುವ ಶೈಲಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ಇಂತಹ ಶಾಲೆಗಳು ಯಾವ ಉದ್ದೇಶದಿಂದ ಹುಟ್ಟಿದವು ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳಲ್ಲಿ ಕೆಲಸ ಮಾಡಲು ಹಲವು ದೇಶಗಳಿಂದ ಬಂದಿದ್ದ ಕುಟುಂಬಗಳ ಮಕ್ಕಳಿಗಾಗಿ 1924ರಲ್ಲಿ ಜಿನೀವಾದಲ್ಲಿ ಒಂದು ಅಂತರರಾಷ್ಟ್ರೀಯ ಶಾಲೆ ಆರಂಭವಾಯಿತು. ಬೇರೆ ಬೇರೆ ದೇಶಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿತರೆ ಮುಂದಿನ ಯುದ್ಧವನ್ನು ತಡೆಯಬಹುದೇನೋ ಎಂಬ ಆಸೆ ಅದರ ಹಿಂದಿತ್ತು. ಅದೇ ಜಿನೀವಾದಲ್ಲಿ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ಅಂದರೆ ಇಂದು ನಾವು ಐಬಿ ಎಂದು ಕರೆಯುವ ಪಠ್ಯಕ್ರಮ ಮತ್ತು ಪರೀಕ್ಷೆಯ ವ್ಯವಸ್ಥೆ, ರೂಪುಗೊಂಡಿತು. ದೇಶದಿಂದ ದೇಶಕ್ಕೆ ಹೋಗುವ ವಿದ್ಯಾರ್ಥಿಯ ಓದನ್ನು ಎಲ್ಲ ಕಡೆಯ ವಿಶ್ವವಿದ್ಯಾಲಯಗಳೂ ಒಪ್ಪುವಂತಾಗಬೇಕು ಎಂಬುದು ಅದರ ಪ್ರಾಯೋಗಿಕ ಗುರಿಯಾಗಿತ್ತು.

ಶಾಲೆಯ ಕೊನೆಯ ಎರಡು ವರ್ಷ ಓದುವ ಐಬಿ ಡಿಪ್ಲೊಮಾದ ಅಂಕಗಳ ಲೆಕ್ಕ ಬಹಳ ಜನರಿಗೆ ಗೊತ್ತು. ಆರು ವಿಷಯಗಳು, ಪ್ರತಿಯೊಂದಕ್ಕೆ ಗರಿಷ್ಠ 7 ಅಂಕ, ಒಟ್ಟು 42, ಗರಿಷ್ಠ 4,000 ಪದಗಳ ಸಂಶೋಧನಾ ಪ್ರಬಂಧ ಮತ್ತು ಜ್ಞಾನಮೀಮಾಂಸೆಯ, ಅಂದರೆ ನಮಗೆ ತಿಳಿದದ್ದು ಹೇಗೆ ತಿಳಿಯಿತು ಎಂದು ವಿಚಾರಿಸುವ, ಪಾಠ ಇವೆರಡಕ್ಕೂ ಸೇರಿ ಇನ್ನು 3, ಹೀಗೆ 45. ಆದರೆ ಅದೇ ಡಿಪ್ಲೊಮಾದಲ್ಲಿ ಅಂಕವೇ ಇಲ್ಲದ ಇನ್ನೊಂದು ಕಡ್ಡಾಯ ಭಾಗವಿದೆ. ಸೃಜನಶೀಲತೆ, ದೈಹಿಕ ಚಟುವಟಿಕೆ ಮತ್ತು ಸೇವೆ ಎಂಬ ಮೂರು ಎಳೆಗಳ ಈ ಭಾಗವನ್ನು ಶಾಲೆಗಳಲ್ಲಿ ಕ್ಯಾಸ್ ಎಂದೇ ಕರೆಯುತ್ತಾರೆ. ಸುಮಾರು ಹದಿನೆಂಟು ತಿಂಗಳು ನಡೆಯುವ ಇದಕ್ಕೆ ಶ್ರೇಣಿಯಿಲ್ಲ, ಮೊದಲ ಸ್ಥಾನವಿಲ್ಲ. ಆದರೆ ಇದನ್ನು ಪೂರೈಸದವರಿಗೆ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ಡಿಪ್ಲೊಮಾ ಸಿಗುವುದಿಲ್ಲ. ಹಿಂದೆ ಇದನ್ನು 150 ಗಂಟೆಗಳೆಂದು ಎಣಿಸುತ್ತಿದ್ದರು. ಗಂಟೆ ಎಣಿಸಲು ಹೊರಟರೆ ವಿದ್ಯಾರ್ಥಿಯ ಗಮನವೆಲ್ಲ ಗಡಿಯಾರದ ಮೇಲೇ ಇರುತ್ತದೆ. ಆ ಎಣಿಕೆಯನ್ನು ಈಗ ಕೈಬಿಟ್ಟಿದ್ದಾರೆ; ವಿದ್ಯಾರ್ಥಿ ತಾನು ಕೈಗೊಂಡ ಕೆಲಸದ ಬಗ್ಗೆ ಆಲೋಚಿಸಿ ಬರೆಯಬೇಕು, ಏನು ಕಲಿತೆನೆಂದು ತೋರಿಸಬೇಕು. ಇಡೀ ಐಬಿ ವ್ಯವಸ್ಥೆಯಲ್ಲಿ ಇದಕ್ಕಿಂತ ವಿವೇಕದ ನಿರ್ಧಾರ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮಗುವಿನ ಬದುಕಿನಲ್ಲಿ ಅಳೆಯಬಾರದ ಒಂದು ಭಾಗವಿದೆ, ಅದೂ ಶಿಕ್ಷಣವೇ ಎಂದು ಒಂದು ಪರೀಕ್ಷಾ ಮಂಡಳಿಯೇ ಒಪ್ಪಿಕೊಂಡಂತಾಯಿತು.

ಅಳೆಯಬಾರದೆಂದು ಬಿಟ್ಟ ಆ ಭಾಗವನ್ನು ಶಾಲೆಯ ವರದಿ ಮತ್ತೆ ಅಳೆಯಲು ಕೂರುತ್ತದೆ. ಎಷ್ಟು ಸಸಿ ನೆಟ್ಟರು, ಎಷ್ಟು ಹಣ ಸಂಗ್ರಹಿಸಿದರು, ಎಷ್ಟು ಮಕ್ಕಳು ಭಾಗವಹಿಸಿದರು ಎಂಬ ಸಂಖ್ಯೆಗಳು ಬರುತ್ತವೆ. ನೆಟ್ಟ ಸಸಿಗಳಿಗೆ ಬೇಸಿಗೆಯಲ್ಲಿ ನೀರು ಹಾಕಿದವರು ಯಾರು ಎಂಬುದು ಬರುವುದಿಲ್ಲ. ವೃದ್ಧಾಶ್ರಮಕ್ಕೆ ಒಂದು ಮಧ್ಯಾಹ್ನ ಹೋಗಿ ಬಂದ ತಂಡದ ಚಿತ್ರದಲ್ಲಿ ಹಿರಿಯರ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಆ ಚಿತ್ರ ತೆಗೆಯಲು, ಪ್ರಕಟಿಸಲು ಅವರ ಒಪ್ಪಿಗೆ ಕೇಳಿದ್ದರೇ, ಆ ಭೇಟಿ ಅವರಿಗೆ ಬೇಕಿತ್ತೇ, ಮತ್ತೆ ಯಾರಾದರೂ ಅಲ್ಲಿಗೆ ಹೋದರೇ? ಸೇವೆ ಪಡೆದವರ ಒಂದು ಮಾತೂ ಇಲ್ಲದ ಸೇವಾ ವರದಿಯನ್ನು ನಾನು ಅಪೂರ್ಣ ವರದಿ ಎಂದೇ ಪರಿಗಣಿಸುತ್ತೇನೆ. ಇದರ ಹಿಂದೆ ವಿಶ್ವವಿದ್ಯಾಲಯ ಪ್ರವೇಶದ ಒತ್ತಡವಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅರ್ಜಿಯಲ್ಲಿ ತುಂಬಲು ಒಂದು ಸಾಲು ಬೇಕೆಂದು ಹನ್ನೊಂದನೆಯ ತರಗತಿಯಲ್ಲಿ ಹುಟ್ಟಿದ ಸಂಘಟನೆಗಳು, ಅವುಗಳ ಸ್ಥಾಪಕ ಅಧ್ಯಕ್ಷರು ಶಾಲೆ ಬಿಟ್ಟ ಮರುದಿನವೇ ಕಣ್ಮರೆಯಾಗುತ್ತವೆ. ತಪ್ಪು ಆ ಹುಡುಗ ಹುಡುಗಿಯರದ್ದಲ್ಲ. ಹಿರಿಯರು ಇಟ್ಟ ಲೆಕ್ಕಕ್ಕೆ ಅವರು ತಕ್ಕ ಉತ್ತರ ಕೊಡುತ್ತಿದ್ದಾರೆ ಅಷ್ಟೇ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಎರಡು ಉದಾಹರಣೆಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. ಮೊದಲನೆಯದು ಇಂಡೋನೇಷ್ಯಾದ ಬಾಲಿ ದ್ವೀಪದ್ದು. ಅಲ್ಲಿನ ಗ್ರೀನ್ ಸ್ಕೂಲ್ ಎಂಬ ಅಂತರರಾಷ್ಟ್ರೀಯ ಶಾಲೆಯಲ್ಲಿ ಓದುತ್ತಿದ್ದ ಮೆಲಾತಿ ಮತ್ತು ಇಸಬೆಲ್ ವೈಸೆನ್ ಎಂಬ ಅಕ್ಕತಂಗಿಯರು 2013ರಲ್ಲಿ, ಅಕ್ಕನಿಗೆ ಹನ್ನೆರಡು ಮತ್ತು ತಂಗಿಗೆ ಹತ್ತು ವರ್ಷವಾಗಿದ್ದಾಗ, ಪ್ಲಾಸ್ಟಿಕ್ ಚೀಲಗಳ ವಿರುದ್ಧ ಅಭಿಯಾನವೊಂದನ್ನು ಆರಂಭಿಸಿದರು. ಜಗತ್ತನ್ನು ಬದಲಿಸಿದ ವ್ಯಕ್ತಿಗಳ ಕುರಿತು ತರಗತಿಯಲ್ಲಿ ನಡೆದ ಒಂದು ಪಾಠ ಅವರಿಗೆ ಪ್ರೇರಣೆಯಾಗಿತ್ತು. ಬೇರೆ ದೇಶಗಳಲ್ಲಿ ಚೀಲಗಳ ನಿಷೇಧ ಹೇಗೆ ಬಂತೆಂದು ಓದಿಕೊಂಡರು, ಗೆಳೆಯರನ್ನು ಕೂಡಿಸಿಕೊಂಡರು, ಸಹಿ ಸಂಗ್ರಹಿಸಿದರು, ವಿಮಾನ ನಿಲ್ದಾಣದ ಒಳಗೇ ಸಹಿ ಸಂಗ್ರಹಿಸಲು ಅನುಮತಿ ಪಡೆದರು. ರಾಜ್ಯಪಾಲರ ಭೇಟಿ ಸಿಗದಿದ್ದಾಗ ಗಾಂಧೀಜಿಯವರ ಮಾರ್ಗದಿಂದ ಪ್ರೇರಿತರಾಗಿ, ಆಹಾರತಜ್ಞರ ಮೇಲ್ವಿಚಾರಣೆಯಲ್ಲಿ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಉಪವಾಸ ಕೂರುವುದಾಗಿ ಘೋಷಿಸಿದರು. ಆಗ ಭೇಟಿ ಸಾಧ್ಯವಾಯಿತು, ಭರವಸೆಯೂ ಸಿಕ್ಕಿತು. ಆದರೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಗಳ ನಿಷೇಧ ಬಾಲಿಯಲ್ಲಿ ಜಾರಿಗೆ ಬಂದದ್ದು 2019ರಲ್ಲಿ.

ನಡುವಿನ ಆ ಆರು ವರ್ಷಗಳನ್ನು ಗಮನಿಸಿ. ಅವಧಿಗೊಮ್ಮೆ ಹೊರಬರುವ ಸಾಧನೆಯ ವರದಿಯಲ್ಲಿ ಆ ಕಾಲದ ಬಹುಭಾಗಕ್ಕೆ ಬರೆದುಕೊಳ್ಳಲು ಏನೂ ಇರುತ್ತಿರಲಿಲ್ಲ. ಪತ್ರ ಬರೆದರು, ಉತ್ತರ ಬರಲಿಲ್ಲ. ಭೇಟಿಯಾದರು, ಭರವಸೆ ಸಿಕ್ಕಿತು, ಕಾನೂನು ಬರಲಿಲ್ಲ. ನಿಜವಾದ ಸಾರ್ವಜನಿಕ ಕೆಲಸದ ಗತಿಯೇ ಹೀಗೆ. ಸಂಸತ್ತು, ಕಚೇರಿ, ಮಾರುಕಟ್ಟೆ ಇವು ಹೇಗೆ ಅಲುಗುತ್ತವೆ, ಹೇಗೆ ಅಲುಗದೆ ಕುಳಿತಿರುತ್ತವೆ ಎಂಬುದನ್ನು ಆ ಹುಡುಗಿಯರು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಕಲಿತಿರಬೇಕು. ಮೊದಲ ವರ್ಷವೇ ಫಲಿತಾಂಶ ತೋರಿಸು ಎಂದು ಅವರನ್ನು ಯಾರಾದರೂ ಕೇಳಿದ್ದರೆ ಆ ಅಭಿಯಾನ ಒಂದು ಪೋಸ್ಟರ್ ಸ್ಪರ್ಧೆಯಾಗಿ ಮುಗಿದುಹೋಗುತ್ತಿತ್ತು.

ಎರಡನೆಯದು ಇನ್ನೂ ಹಳೆಯದು. ಶಿಕ್ಷಣತಜ್ಞ ಕರ್ಟ್ ಹಾನ್ ಅವರ ಚಿಂತನೆಯಿಂದ 1962ರಲ್ಲಿ ವೇಲ್ಸ್‌ನ ಸಮುದ್ರ ತೀರದ ಒಂದು ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜು ಆರಂಭವಾಯಿತು. ನಿವೃತ್ತ ನೌಕಾಧಿಕಾರಿ ಡೆಸ್ಮಂಡ್ ಹೋರ್ ಅದರ ಮೊದಲ ಮುಖ್ಯಸ್ಥರು. ಹಲವು ದೇಶಗಳಿಂದ ಬಂದ ಹದಿಹರೆಯದ ವಿದ್ಯಾರ್ಥಿಗಳಿಗೆ ಅಲ್ಲಿ ಸಮುದ್ರದಲ್ಲಿ ಸಿಲುಕಿದವರನ್ನು ರಕ್ಷಿಸುವುದು ಪಠ್ಯದಷ್ಟೇ ಮುಖ್ಯವಾದ ಕರ್ತವ್ಯವಾಗಿತ್ತು. ಗಾಳಿ ತುಂಬುವ ದೋಣಿಗಳ ಬಟ್ಟೆಯ ತಳ ಆ ಕಲ್ಲಿನ ದಡದಲ್ಲಿ ಬಹಳ ದಿನ ಬಾಳುತ್ತಿರಲಿಲ್ಲ. ಹಾಗಾಗಿ ಹೋರ್ ಮತ್ತು ವಿದ್ಯಾರ್ಥಿಗಳು ತಳಕ್ಕೆ ಹಲಗೆ ಜೋಡಿಸಿ ನೋಡಿದರು; ಅದು ಕಿತ್ತುಬಂದಾಗ ಬೇರೆ ರೀತಿ ಜೋಡಿಸಿದರು; ತಳದ ಆಕಾರ ಬದಲಿಸಿದರು. ವರ್ಷಗಟ್ಟಲೆ ನಡೆದ ಆ ಪ್ರಯೋಗಗಳಿಂದ ಗಟ್ಟಿ ತಳದ, ಗಾಳಿ ತುಂಬಿದ ಅಂಚಿನ ದೋಣಿ ರೂಪುಗೊಂಡಿತು. ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆ ಅದನ್ನು ಅಳವಡಿಸಿಕೊಂಡಾಗ ಅದರ ಹಕ್ಕನ್ನು ಕೇವಲ 1 ಪೌಂಡ್‌ಗೆ ಬಿಟ್ಟುಕೊಡಲಾಯಿತು. ಆ ಸಂಸ್ಥೆಯ ಒಂದು ವರ್ಗದ ದೋಣಿಗಳಿಗೆ ಇಂದಿಗೂ ಅಟ್ಲಾಂಟಿಕ್ ಎಂಬ ಹೆಸರಿದೆ. ಜಗತ್ತಿನ ಹಲವು ತೀರಗಳಲ್ಲಿ ನೌಕಾಪಡೆ, ಪೊಲೀಸ್, ರಕ್ಷಣಾ ತಂಡಗಳು ಬಳಸುವುದು ಇದೇ ಬಗೆಯ ದೋಣಿಯನ್ನು. ಆ ವಿದ್ಯಾರ್ಥಿಗಳು ಈ ಕೆಲಸ ಆರಂಭಿಸಿದ್ದು ಯಾವ ಸ್ಪರ್ಧೆಗಾಗಿಯೂ ಅಲ್ಲ. ತಮ್ಮ ಮುಂದಿದ್ದ ಒಂದು ನಿಜವಾದ ತೊಂದರೆಯನ್ನು ಬಿಡಿಸಲು ಹೊರಟಿದ್ದರು, ಮತ್ತು ಅವರು ಸೋಲುವಷ್ಟು ಸಲ ಸೋಲಲು ಅವರ ಶಾಲೆ ಅವಕಾಶ ಕೊಟ್ಟಿತ್ತು.

ಸ್ಪರ್ಧೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಗೆದ್ದ ಮಗುವಿಗೆ ವೇದಿಕೆಯ ಮೇಲೆ ಚಪ್ಪಾಳೆ ಸಿಗಲೇಬೇಕು, ಆ ಸಂತೋಷವನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಒಳ್ಳೆಯ ಸ್ಪರ್ಧೆಗಳನ್ನು ರೂಪಿಸಿದವರೇ ಬಹುಮಾನದ ಮಿತಿಯನ್ನು ಅರಿತಿದ್ದರು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಪದಕ ಬರದಿದ್ದರೂ ಒಂದು ಲೆಕ್ಕವನ್ನು ಪೂರ್ಣವಾಗಿ, ದೋಷವಿಲ್ಲದೆ ಬಿಡಿಸಿದ ವಿದ್ಯಾರ್ಥಿಗೆ ಗೌರವ ಉಲ್ಲೇಖ ಸಿಗುತ್ತದೆ. ಒಂದೇ ಒಂದು ಲೆಕ್ಕವಾದರೂ ಸಂಪೂರ್ಣವಾಗಿ ಬಿಡಿಸಿದ್ದಕ್ಕೆ ಬೆಲೆಯಿದೆ ಎಂಬುದು ಅದರ ಅರ್ಥ. 1968ರಿಂದ ನಡೆಯುತ್ತಿರುವ ಹೇಗ್ ನಗರದ ಮಾಡೆಲ್ ಯುಎನ್ ಸಮ್ಮೇಳನದಲ್ಲಿ ಅತ್ಯುತ್ತಮ ಪ್ರತಿನಿಧಿ ಎಂಬ ಪ್ರಶಸ್ತಿಯೇ ಇಲ್ಲ. ತನ್ನದಲ್ಲದ ದೇಶದ ಪರವಾಗಿ ಮಾತನಾಡಿ, ಎದುರಾಳಿಯೊಂದಿಗೆ ಕುಳಿತು, ಇಬ್ಬರೂ ಒಪ್ಪುವ ನಿರ್ಣಯವೊಂದನ್ನು ಬರೆಯುವುದು ಆ ಅಭ್ಯಾಸದ ಜೀವಾಳ. ಅಲ್ಲಿ ಒಬ್ಬರನ್ನು ವಿಜೇತರೆಂದು ಘೋಷಿಸಿದರೆ ಒಪ್ಪಂದಕ್ಕಿಂತ ಭಾಷಣವೇ ಮುಖ್ಯವಾಗುತ್ತದೆ. ಯುವಜನರಿಗಾಗಿ ಬ್ರಿಟನ್ನಿನಲ್ಲಿ 1956ರಲ್ಲಿ ಆರಂಭವಾದ ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿಯೂ ಹೀಗೆಯೇ. ಕಂಚು, ಬೆಳ್ಳಿ, ಚಿನ್ನ ಎಂಬ ಹಂತಗಳಿದ್ದರೂ ಅಲ್ಲಿ ಯಾರೂ ಯಾರನ್ನೂ ಸೋಲಿಸಬೇಕಾಗಿಲ್ಲ. ತಾನೇ ಇಟ್ಟುಕೊಂಡ ಗುರಿಯನ್ನು ಮುಟ್ಟಿದ ಪ್ರತಿಯೊಬ್ಬರಿಗೂ ಅದು ಸಿಗುತ್ತದೆ. ವರದಿಯಲ್ಲಿ ಮಾತ್ರ ಚಿನ್ನ ಎಂಬ ಪದವಷ್ಟೇ ಉಳಿದು, ಆ ಹಂತದ ಚಾರಣದಲ್ಲಿ ನಾಲ್ಕು ದಿನ ಮೂರು ರಾತ್ರಿ ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡು ನಡೆದ ಕಥೆ ಮಾಯವಾಗುತ್ತದೆ.

ಯಾವ ವರದಿಯಲ್ಲೂ ಕಾಣಿಸದ ಇನ್ನೊಂದು ಸಾಧನೆಯನ್ನು ನಾನು ವಿಶೇಷವಾಗಿ ಉಲ್ಲೇಖಿಸಬೇಕು. ಐಬಿ ಡಿಪ್ಲೊಮಾದಲ್ಲಿ ಶಾಲೆಯಲ್ಲಿ ತನ್ನ ಮಾತೃಭಾಷೆಯ ಶಿಕ್ಷಕರಿಲ್ಲದಿದ್ದರೂ ಆ ಭಾಷೆಯ ಸಾಹಿತ್ಯವನ್ನು ಶಾಲೆಯ ಬೆಂಬಲದೊಂದಿಗೆ ಸ್ವತಃ ಓದಿ ಪರೀಕ್ಷೆ ಬರೆಯುವ ಅವಕಾಶವಿದೆ. ಇಡೀ ದಿನ ಇಂಗ್ಲಿಷಿನಲ್ಲಿ ಕಲಿಯುವ ವಿದ್ಯಾರ್ಥಿಯೊಬ್ಬಳು, ಸಹಪಾಠಿಗಳಲ್ಲಿ ಯಾರಿಗೂ ಬಾರದ ತನ್ನ ಮನೆಮಾತಿನ ಕವಿತೆ ಕಾದಂಬರಿಗಳನ್ನು ಎರಡು ವರ್ಷ ಒಬ್ಬಳೇ ಓದುತ್ತಾಳೆ, ಅವುಗಳ ಬಗ್ಗೆ ಗಂಭೀರವಾಗಿ ಬರೆಯಲು ಕಲಿಯುತ್ತಾಳೆ. ಊರೂರು ಬದಲಿಸುವ ಕುಟುಂಬದ ಮಗುವಿಗೆ ತನ್ನ ಅಜ್ಜಿಯ ಭಾಷೆಯನ್ನು ವಿದ್ವತ್ತಿನ ಭಾಷೆಯಾಗಿ ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಅಂತರರಾಷ್ಟ್ರೀಯ ಎಂಬ ಹೆಸರಿಟ್ಟುಕೊಂಡ ಶಾಲೆಗೆ ಇದಕ್ಕಿಂತ ಹೆಮ್ಮೆಯ ಸಂಗತಿ ಯಾವುದಿದೆ? ಆದರೆ ಇದಕ್ಕೆ ಟ್ರೋಫಿಯಿಲ್ಲ, ಗುಂಪುಚಿತ್ರವಿಲ್ಲ. ಆದ್ದರಿಂದ ಸುದ್ದಿಯೂ ಇಲ್ಲ.

ಶುಲ್ಕ ಕಟ್ಟುವ ಪೋಷಕರು ಫಲಿತಾಂಶ ಕೇಳುವುದು ಸಹಜ. ಆದರೆ ಮೂವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಸರಾಸರಿ ಅಂಕ ಹಿಂದಿನ ವರ್ಷಕ್ಕಿಂತ ಒಂದೆರಡು ಹೆಚ್ಚಾಯಿತು ಎಂಬುದರಿಂದ ಶಾಲೆಯ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಪೂರ್ಣ ಡಿಪ್ಲೊಮಾಕ್ಕೆ ಎಷ್ಟು ಮಂದಿಗೆ ಅವಕಾಶ ಕೊಟ್ಟರು, ದುರ್ಬಲರೆಂದು ಯಾರನ್ನಾದರೂ ಮೊದಲೇ ದೂರವಿಟ್ಟರೇ ಎಂಬುದನ್ನೂ ಜೊತೆಗೆ ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಪೋಷಕರು ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು.

ಶಾಲೆಗಳಲ್ಲಿ ವರದಿ ಸಿದ್ಧಪಡಿಸುವ ಶಿಕ್ಷಕರಿಗೆ ನನ್ನ ವಿನಂತಿ ಇಷ್ಟು. ಪದಕಗಳ ಪಟ್ಟಿ ಒಂದು ಪುಟದಲ್ಲಿರಲಿ. ಉಳಿದ ಪುಟಗಳನ್ನು ಮಕ್ಕಳಿಗೆ ಕೊಡಿ. ಕ್ಯಾಸ್‌ಗಾಗಿ ಅವರು ಹೇಗಿದ್ದರೂ ತಮ್ಮ ಅನುಭವವನ್ನು ಬರೆಯುತ್ತಾರೆ. ಅವರ ಒಪ್ಪಿಗೆ ಪಡೆದು ಅದರಿಂದಲೇ ಆರಿಸಿ ಪ್ರಕಟಿಸಿ, ಭಾಷೆಯನ್ನು ತಿದ್ದಿ ಹೊಳಪು ಕೊಡಲು ಹೋಗಬೇಡಿ. ಸೇವಾ ಯೋಜನೆಯ ಬಗ್ಗೆ ಬರೆಯುವಾಗ ಅದರ ಪ್ರಯೋಜನ ಪಡೆದವರನ್ನು ಕೇಳಿ, ಅವರು ಅತೃಪ್ತಿ ಹೇಳಿದರೆ ಅದನ್ನೂ ಹಾಕಿ. ಮತ್ತು ಪ್ರತಿ ವರ್ಷ, ಹಿಂದಿನ ವರ್ಷದ ವರದಿಯಲ್ಲಿ ಹೊಗಳಿದ್ದ ಯೋಜನೆಗಳಲ್ಲಿ ಯಾವುದಾದರೂ ಮೂರನ್ನು ತೆಗೆದುಕೊಂಡು ಅವು ಈಗ ಎಲ್ಲಿಗೆ ಬಂದಿವೆ ಎಂದು ತಿಳಿಸಿ. ಒಂದು ಯೋಜನೆ ನಿಂತುಹೋಗಿದ್ದರೆ ಏಕೆ ನಿಂತಿತೆಂದು ಅದನ್ನು ಆರಂಭಿಸಿದ ವಿದ್ಯಾರ್ಥಿಗಳೇ ಬರೆಯಲಿ. ಅದನ್ನು ಮುಂದುವರಿಸಲು ಕೆಳಗಿನ ತರಗತಿಯಲ್ಲಿ ಯಾರಾದರೂ ಸಿದ್ಧರಿದ್ದಾರೆಯೇ ಎಂದು ಅದೇ ಪುಟದಲ್ಲಿ ಕೇಳಲಿ.