ನೋಡಿ ಹೇಳಿತೋ, ಊಹಿಸಿ ಹೇಳಿತೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಫೋನಿಗೆ ಒಂದು ಫೋಟೋ ತೋರಿಸಿ "ಇದರಲ್ಲಿ ಏನಿದೆ?" ಅಂತ ಕೇಳಿದರೆ ಈಗ ಅದು ಪಟಪಟ ಅಂತ ಉತ್ತರ ಕೊಡುತ್ತದೆ. ಯಂತ್ರಕ್ಕೆ ಕಣ್ಣು ಬಂತು ಅಂತ ತುಂಬಾ ಜನ ನಂಬಿಬಿಟ್ಟಿದ್ದಾರೆ. ಸ್ವಲ್ಪ ತಡೆಯಿರಿ. ಅದು ಚಿತ್ರ ನೋಡಿ ಹೇಳಿತೋ, ಪ್ರಶ್ನೆ ಕೇಳಿಯೇ ಊಹಿಸಿತೋ? ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ ವಿಷಯ.

ಈ ಯಂತ್ರಕ್ಕೆ ನ್ಯೂರಲ್ ನೆಟ್‌ವರ್ಕ್ ಅಂತಾರೆ. ಹೆಸರು ಕೇಳಿ ಹೆದರಬೇಡಿ. ಅದರೊಳಗಿರುವುದು ಲಕ್ಷಗಟ್ಟಲೆ ಅಂಕಿಗಳು. ಫೋಟೋ ಕೂಡ ಅದರ ಪಾಲಿಗೆ ಅಂಕಿಗಳ ಸಾಲೇ. ಗುಣಿಸಿ, ಕೂಡಿ, ಒಂದು ಉತ್ತರ ಕೊಡುತ್ತದೆ. ಮೊದಮೊದಲು ಎಲ್ಲವೂ ತಪ್ಪು. ಎಷ್ಟು ತಪ್ಪಿತು ಅಂತ ಲೆಕ್ಕ ಹಾಕಿ, ಒಳಗಿನ ಅಂಕಿಗಳನ್ನು ಒಂಚೂರು ತಿದ್ದುತ್ತಾರೆ. ಮತ್ತೆ ಇನ್ನೊಂದು ಫೋಟೋ, ಮತ್ತೆ ತಿದ್ದುವುದು. ಹೀಗೆ ಲಕ್ಷಾಂತರ ಸಲ. ಕಲಿಯುವುದು ಅಂದರೆ ಇಷ್ಟೇ. ಆದರೆ ಗಮನಿಸಿ, ಅದಕ್ಕೆ ತಪ್ಪು ಕಡಿಮೆಯಾದರೆ ಸಾಕು. ನೋಡಿಯೇ ಹೇಳು ಅಂತ ಅದಕ್ಕೆ ಯಾರೂ ಹೇಳಿಲ್ಲ.

ಇದರಿಂದ ಏನಾಯಿತು ಅಂತ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದ ಕಥೆ ಇದು.

2015ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್‌ನವರು ಸೇರಿ, ಯಂತ್ರಕ್ಕೆ ಕಲಿಸಲು, ಪರೀಕ್ಷಿಸಲು ಅಂತ 2 ಲಕ್ಷಕ್ಕೂ ಜಾಸ್ತಿ ಫೋಟೋಗಳಿಗೆ ಪ್ರಶ್ನೆಗಳನ್ನು ಬರೆಸಿದರು. ದೇವಿ ಪರೀಖ್, ಧ್ರುವ್ ಬಾತ್ರಾ ಆ ತಂಡದಲ್ಲಿದ್ದರು. ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ಟು ಜನರಿಂದ ಬರೆಸಿದ್ದು. ಜನರಿಗೆ ಹೇಳಿದ್ದೇನು ಗೊತ್ತಾ? ನಮ್ಮ ಹತ್ತಿರ ಒಂದು ಜಾಣ ರೋಬೋಟ್ ಇದೆ, ಅದಕ್ಕೆ ಉತ್ತರ ಹೊಳೆಯದಂಥ ಪ್ರಶ್ನೆ ಹಾಕಿ ಅಂತ!

ಜನ ಶ್ರದ್ಧೆಯಿಂದಲೇ ಬರೆದರು. ಆದರೆ ಫೋಟೋ ಕಣ್ಣೆದುರಿಗೇ ಇತ್ತಲ್ಲ. ಫೋಟೋದಲ್ಲಿ ಗಡಿಯಾರದ ಗೋಪುರ ಇದ್ದರೆ "ಗಡಿಯಾರದ ಗೋಪುರ ಇದೆಯಾ?" ಅಂತ ಕೇಳಿದರು. ಗೋಪುರವೇ ಇಲ್ಲದ ಫೋಟೋ ನೋಡಿ ಯಾರಾದರೂ ಸುಮ್ನೆ ಹಾಗೆ ಕೇಳುತ್ತಾರಾ? ಇಲ್ಲ ಅಲ್ವಾ. ಅಲ್ಲಿಗೆ ಗುಟ್ಟು ಬಯಲಾಯಿತು. "ಇಂಥದ್ದು ಕಾಣುತ್ತಿದೆಯಾ?" ಅಂತ ಶುರುವಾಗುವ ಪ್ರಶ್ನೆಗೆ ಕಣ್ಣು ಮುಚ್ಚಿಕೊಂಡು "ಹೌದು" ಅಂದರೂ ನೂರಕ್ಕೆ 87 ಸರಿ. "ಯಾವ ಆಟ?" ಅಂದರೆ "ಟೆನಿಸ್" ಅನ್ನಿ, ನೂರಕ್ಕೆ 41 ಸರಿ. "ಎಷ್ಟು?" ಅಂದರೆ "ಎರಡು" ಅನ್ನಿ, ನೂರಕ್ಕೆ 39 ಸರಿ. ನಮ್ಮಲ್ಲಿ ತೆಗೆದ ಫೋಟೋಗಳಾಗಿದ್ದರೆ ಕ್ರಿಕೆಟ್ ಅಂದರೆ ಸಾಕಿತ್ತೇನೋ, ಇರಲಿ. ಚಿತ್ರ ನೋಡುವ ತೊಂದರೆಯೇ ಇಲ್ಲ, ಅಂಕ ಮಾತ್ರ ಬರುತ್ತದೆ. ಯಂತ್ರ ಇದನ್ನು ಚೆನ್ನಾಗಿ ಕಲಿತುಬಿಟ್ಟಿತು. ಮೋಸ ಮಾಡಿತು ಅನ್ನಬೇಡಿ, ಕಲಿಸಿದವರು ನಾವೇ.

2017ರಲ್ಲಿ ಇದಕ್ಕೆ ಒಂದು ಮದ್ದು ಹುಡುಕಿದರು. ಒಂದೇ ಪ್ರಶ್ನೆ, ಹೆಚ್ಚುಕಡಿಮೆ ಒಂದೇ ಥರದ ಎರಡು ಫೋಟೋ, ಆದರೆ ಉತ್ತರ ಬೇರೆ ಬೇರೆ. "ಕನ್ನಡಕ ಹಾಕಿಕೊಂಡವರು ಯಾರು?" ಒಂದರಲ್ಲಿ ಗಂಡಸು, ಇನ್ನೊಂದರಲ್ಲಿ ಹೆಂಗಸು. ಈಗ ಊಹೆ ನಡೆಯುವುದಿಲ್ಲ, ನೋಡಲೇಬೇಕು. ಅಲ್ಲಿಯವರೆಗೆ ಜಾಣ ಅನಿಸಿಕೊಂಡಿದ್ದ ಯಂತ್ರಗಳ ಅಂಕ ಇಳಿಯಿತು.

ಅದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್ ಮತ್ತು ಫೇಸ್‌ಬುಕ್‌ನವರು ಇನ್ನೂ ಗಟ್ಟಿ ಪರೀಕ್ಷೆ ಮಾಡಿದರು. ಹೆಸರು ಕ್ಲೆವರ್. ಕಂಪ್ಯೂಟರಿನಲ್ಲೇ ಬರೆದ 1 ಲಕ್ಷ ಚಿತ್ರಗಳು. ಬರೀ ಘನ, ಚೆಂಡು, ಉರುಳೆ. ಕೆಲವು ಹೊಳೆಯುವ ಲೋಹದವು, ಕೆಲವು ಮಂಕು ರಬ್ಬರಿನವು. ಪ್ರಶ್ನೆ ಹೀಗಿರುತ್ತದೆ: "ನೀಲಿ ಚೆಂಡಿನ ಎಡಕ್ಕಿರುವ ಘನದಷ್ಟೇ ದೊಡ್ಡ ಉರುಳೆಗಳು ಎಷ್ಟಿವೆ?" ಮೊದಲು ಚೆಂಡು ಹುಡುಕಬೇಕು, ಎಡಕ್ಕೆ ನೋಡಬೇಕು, ಘನದ ಗಾತ್ರ ನೆನಪಿಟ್ಟುಕೊಳ್ಳಬೇಕು, ಆಮೇಲೆ ಉರುಳೆ ಎಣಿಸಬೇಕು. ಮನುಷ್ಯರಿಗೇ ನೂರಕ್ಕೆ 92.6 ಬಂತು.

ಗೂಗಲ್ ಬಳಗದ ಡೀಪ್‌ಮೈಂಡ್ ಅನ್ನುವ ಸಂಸ್ಥೆಯವರು 2017ರಲ್ಲಿ ಒಂದು ಉಪಾಯ ಮಾಡಿದರು. ಚಿತ್ರವನ್ನು ಸಣ್ಣ ಸಣ್ಣ ಭಾಗ ಮಾಡಿ, ಪ್ರತಿ ಭಾಗವನ್ನೂ ಉಳಿದ ಎಲ್ಲದರ ಜೊತೆ ಜೋಡಿ ಹಾಕಿ ನೋಡುವುದು. ಎಡ, ಬಲ, ಹಿಂದೆ, ದೊಡ್ಡದು ಅನ್ನುವುದೆಲ್ಲ ಎರಡರ ನಡುವಿನ ಮಾತು ತಾನೇ? ಚೆಂಡೊಂದನ್ನೇ ನೋಡುತ್ತಾ ಕೂತರೆ "ಎಡಕ್ಕೆ" ಅನ್ನುವುದು ಎಲ್ಲಿಂದ ಬರಬೇಕು? ಕ್ಲೆವರ್ ಪರೀಕ್ಷೆಯಲ್ಲಿ ಈ ಉಪಾಯಕ್ಕೆ ನೂರಕ್ಕೆ 95.5 ಬಂತು.

ಈಗಿನ ಫೋನುಗಳ ಬಗ್ಗೆಯೂ ಹೇಳಬೇಕಿತ್ತು. ಸ್ಟುಡಿಯೋ ಗಾಜಿನ ಆಚೆಯಿಂದ ಕೈಸನ್ನೆ ಆಗುತ್ತಿದೆ, ಹೊತ್ತಾಯಿತು ಅಂತ. ಒಂದು ಕೆಲಸ ಮಾಡಿ. ಕೊಡೆಯೇ ಇಲ್ಲದ ಒಂದು ಫೋಟೋ ತೋರಿಸಿ, "ಈ ಕೊಡೆಯ ಬಣ್ಣ ಯಾವುದು?" ಅಂತ ಫೋನನ್ನು ಕೇಳಿ. ಕೊಡೆಯೇ ಇಲ್ಲ ಅಂದರೆ, ಪರವಾಗಿಲ್ಲ, ನೋಡಿದೆ. ಕಪ್ಪು ಅಂದರೆ ಊಹಿಸಿದೆ. ನಮಸ್ಕಾರ.