ಬಾಳೆ ಮೀನಿನಲ್ಲಿ ಬಾಳೆ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಸೇರುತ್ತದೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋಗಿದ್ದೆ. ಗುಡಿ ನೋಡಿಕೊಂಡು ದಂಡೆಗೆ ಇಳಿದಾಗ ಹಿರಿಯ ಅಂಬಿಗರೊಬ್ಬರು ಹರಿಗೋಲಿನಿಂದ ಒಂದು ಮೀನನ್ನು ಎತ್ತಿ ಮರಳಿನ ಮೇಲೆ ಹಾಕಿದರು. ತೋಳುದ್ದ ಇತ್ತು. ಮೈಮೇಲೆ ಒಂದೂ ಹುರುಪೆಯಿಲ್ಲ. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿತ್ತು. ಜೊತೆಗೆ ಉದ್ದನೆಯ ಮೀಸೆ ಬೇರೆ.

"ಇದು ಯಾವ ಮೀನು ಅಜ್ಜ?" ಎಂದೆ.

"ಬಾಳೆ."

"ಮೀನಿಗೆ ಬಾಳೆ ಎಂದು ಏಕೆ ಹೆಸರು?"

"ಮುಳ್ಳು ಕಡಿಮೆ ತಮ್ಮಾ. ಬಾಳೆಹಣ್ಣು ತಿಂದ ಹಾಗೆ ತಿನ್ನಬಹುದು."

ಮುಳ್ಳು ಕಡಿಮೆ ಎನ್ನುವುದು ನಿಜ. ಆದರೆ ಹೆಸರಿನ ಕಥೆ ಬೇರೆ ಇದೆ.

ಇದೇ ಮೀನಿಗೆ ತಮಿಳಿನಲ್ಲಿ ವಾಳೈ, ಮಲಯಾಳದಲ್ಲಿ ವಾಳ, ತೆಲುಗಿನಲ್ಲಿ ವಾಲುಗ ಎನ್ನುತ್ತಾರೆ. ತಮಿಳರ ವಕಾರ ನಮ್ಮಲ್ಲಿ ಬಕಾರವಾಗುವುದು ಹೊಸದೇನಲ್ಲ: ಅವರ ವಿಲ್ ನಮ್ಮ ಬಿಲ್ಲು, ಅವರ ವೇರ್ ನಮ್ಮ ಬೇರು. ಹಾಗೆಯೇ ವಾಳೈ ಬಾಳೆಯಾಯಿತು. ಹಣ್ಣಿನ ಬಾಳೆ ಮಾತ್ರ ಬೇರೆ ದಾರಿಯಿಂದ ಬಂದದ್ದು. ಹಳಗನ್ನಡದಲ್ಲಿ ಅದರ ಕೊನೆಯ ಅಕ್ಷರ ಈಗಿನ ಳ ಅಲ್ಲ, ೞ. ಆ ಅಕ್ಷರವನ್ನು ಬಾನುಲಿಯಲ್ಲಿ ತೋರಿಸಲಾರೆ, ಸರಿಯಾಗಿ ಉಚ್ಚರಿಸಲೂ ನನ್ನ ನಾಲಿಗೆ ಹೊರಳುವುದಿಲ್ಲ. ತಮಿಳು ಗೆಳೆಯರಿದ್ದರೆ ಬಾಳೆಹಣ್ಣಿಗೆ ಏನೆನ್ನುತ್ತೀರಿ ಎಂದು ಕೇಳಿ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಅವರು ಹೊರಡಿಸುವ ಆ ದನಿಯೇ ಅದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ಈ ಅಕ್ಷರವಿರುವ ಮಾತುಗಳನ್ನು ಪಟ್ಟಿ ಮಾಡಿಯೇ ಕೊಟ್ಟ. ಜನ ಆಗಲೇ ಮರೆಯತೊಡಗಿದ್ದರೆಂದು ಕಾಣುತ್ತದೆ. ಕೊನೆಗೆ ೞ ಬಿದ್ದುಹೋಯಿತು, ಹಣ್ಣು ಮತ್ತು ಮೀನು ಒಂದೇ ಹೆಸರಿನಲ್ಲಿ ಸಿಕ್ಕಿಕೊಂಡವು. ನಮ್ಮ ಕಡೆ ಮಾತಿನಲ್ಲಿ ಎರಡೂ ಬಾಳಿಯೇ.

ಹಾಗಾದರೆ ಮೀನಿನ ಬಾಳೆ ಎಂದರೆ ಏನು? ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ. ಈ ಸೀಮೆಯ ವೀರಗಲ್ಲುಗಳಲ್ಲಿ ವೀರ ಎತ್ತಿ ಹಿಡಿದಿರುತ್ತಾನಲ್ಲ, ಅದು. ತಮಿಳಿನಲ್ಲಿ ವಾಳ್. ಅಲ್ಲಿರುವುದೂ ಮೀನಿನ ಹೆಸರಿನಲ್ಲಿರುವ ಅದೇ ಳಕಾರ. ಮೀನಿಗೆ ಹೆಸರು ಬಂದದ್ದು ಕತ್ತಿಯಿಂದಲೇ ಎನ್ನುವುದು ನನ್ನ ಊಹೆ. ಊಹೆಗೆ ಮರಳಿನ ಮೇಲಿದ್ದ ಮೀನೇ ಸಾಕ್ಷಿ: ಎರಡೂ ಪಕ್ಕ ಚಪ್ಪಟೆ, ತಲೆಯಿಂದ ಬಾಲಕ್ಕೆ ಸಣ್ಣಗಾಗುತ್ತ ಹೋಗುವ ಮೈ, ಹೊಟ್ಟೆಯಿಂದ ಬಾಲದವರೆಗೆ ಅಲಗಿನಂತೆ ಎಳೆದ ಒಂದೇ ಈಜುರೆಕ್ಕೆ. ಅದು ಒಮ್ಮೆ ಹೊರಳಿದಾಗ ಬಿಸಿಲಿಗೆ ಒರೆಯಿಂದ ಹಿರಿದ ಕತ್ತಿಯಂತೆ ಹೊಳೆಯಿತು.

ಇನ್ನೊಂದು ತಮಾಷೆ ಇದೆ. ಈ ಮೀನಿನ ವೈಜ್ಞಾನಿಕ ಹೆಸರು ವಲ್ಲಾಗೊ ಅಟ್ಟು. ಕೇಳಿದರೆ ಲ್ಯಾಟಿನ್ ಅನ್ನಿಸುತ್ತದೆ. ವಲ್ಲಾಗೊ ಎನ್ನುವುದು ತೆಲುಗಿನ ವಾಲುಗ. ಅಟ್ಟು ಎನ್ನುವುದು ಮಲಯಾಳದ ಆಟ್ಟುವಾಳ ಎಂಬ ಹೆಸರಿನ ಮೊದಲ ಭಾಗ, ಎಂದರೆ ನದಿಯದು. ಜರ್ಮನ್ ವಿದ್ವಾಂಸ ಬ್ಲಾಖ್ ಬರೆದಿಟ್ಟು ಹೋದ ಪುಸ್ತಕವನ್ನು ಶ್ನೈಡರ್ 1801ರಲ್ಲಿ ಅಚ್ಚು ಹಾಕಿಸಿದಾಗ ಅಟ್ಟು ಎಂಬ ಹೆಸರು ಅದರಲ್ಲಿ ಬಂತು; ವಲ್ಲಾಗೊ ಸೇರಿದ್ದು ಆಮೇಲೆ. ದಕ್ಷಿಣದ ಮೀನುಗಾರರ ಮಾತು ಹೀಗೆ ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಕುಳಿತಿದೆ. ಆದರೆ ನಮ್ಮ ಸಂತೆಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವುದು ಗಂಗೆಯ ಕಡೆಯಿಂದ ಬಂದ ರೋಹು, ಕಟ್ಲಾ ಎಂಬ ಹೆಸರುಗಳು.

ಇದನ್ನೆಲ್ಲ ನಾನು ಉತ್ಸಾಹದಿಂದ ಅಜ್ಜನಿಗೆ ಹೇಳುತ್ತ, ಮೀನಿನ ದವಡೆಯ ಉದ್ದ ತೋರಿಸಲು ಬೆರಳು ಚಾಚಿದೆ. ಅವರು ತಟ್ಟನೆ ನನ್ನ ಮಣಿಕಟ್ಟು ಹಿಡಿದರು. ಸೂಜಿಯಂಥ ಹಲ್ಲುಗಳು ಆಗ ಕಂಡವು.

"ಹಣ್ಣೋ ಕತ್ತಿಯೋ ಆಮೇಲೆ ನೋಡೋಣ ತಮ್ಮಾ, ಮೊದಲು ಕೈ ತೆಗೆ" ಎಂದರು.